ದೇವರ ಗೂಡಿನಲ್ಲಿಟ್ಟ ಕಂದು ಚಿನ್ನ

ಚಿನ್ನ ಹಳದಿ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಣ್ಣಗೆ ಸಿಟ್ಟು ಬರುತ್ತದೆ. ಎಂಬತ್ತರ ದಶಕದಲ್ಲಿ ಆರು ವರ್ಷ ನಾನು ದಿನವೂ ನೋಡಿದ ಚಿನ್ನ ಕಂದು ಬಣ್ಣದ್ದು. ಒಣಗಿದ ಈರುಳ್ಳಿ ಸಿಪ್ಪೆಯಂತಿರುತ್ತಿತ್ತು, ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದು ಹೋಗಬೇಕಾದ ಒಂದು ಪ್ರಯೋಗಾಲಯದಲ್ಲಿ ನಾನು ಸಹಾಯಕನಾಗಿದ್ದೆ. ಅದರ ಹೆಸರು ಇಲ್ಲಿ ಬೇಡ. ನಡೆದ ತಪ್ಪು ಅದರದ್ದಲ್ಲ, ನನ್ನದು. ಅದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಅರ್ಧ ಹೇಳುತ್ತಿದ್ದೆ, ಕೇಳಿದವರು "ಪಾಪ, ನಿಮಗೇನು ಗೊತ್ತಿತ್ತು" ಅಂದಕೂಡಲೇ ನಿಲ್ಲಿಸಿಬಿಡುತ್ತಿದ್ದೆ. ನನಗೆ ಗೊತ್ತಿತ್ತು.

ಕೆಲಸ ವಿವರಿಸುವುದು ಕಷ್ಟವೇನಲ್ಲ. ಪೇಟೆಯಲ್ಲಿ ಮಿಠಾಯಿಗೆ ಅಂಟಿಸುವ ವರಖು ಬಡಿಯುವ ಒಬ್ಬ ಮುದುಕನಿದ್ದ. ಅವನ ಹತ್ತಿರ ಚಿನ್ನ ಬೆಳ್ಳಿ ಬೆರೆಸಿದ ತೆಳು ಹಾಳೆ ಬಡಿಸಿಕೊಂಡು ಬರಬೇಕು. ಉಸಿರು ಬಿಟ್ಟರೆ ಹಾರಿಹೋಗುವ ಆ ಹಾಳೆಯನ್ನು ನೈಟ್ರಿಕ್ ಆಸಿಡ್ಡಿನ ಮೇಲೆ ತೇಲಿಬಿಡಬೇಕು. ಆಸಿಡ್ಡು ಬೆಳ್ಳಿಯನ್ನು ತಿಂದುಹಾಕುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಬೆಳ್ಳಿ ಹೋದ ಜಾಗವೆಲ್ಲ ತೂತಾಗಿ, ಉಳಿದ ಚಿನ್ನ ದೋಸೆಯ ಮೈಯಂತಾಗುತ್ತದೆ. ಬಣ್ಣ ಕಣ್ಣೆದುರೇ ಬಿಳಿಚಾಗಿದ್ದದ್ದು ಕಂದಿಗೆ ತಿರುಗುತ್ತದೆ. ತೂತುಗಳು ಎಷ್ಟು ಸಣ್ಣವೆಂದರೆ ನಮ್ಮಲ್ಲಿದ್ದ ಮೈಕ್ರೋಸ್ಕೋಪಿಗೆ ಕಾಣುತ್ತಿರಲಿಲ್ಲ. ಬೇರೆ ಕಡೆಯ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆಸಿ ತಂದ ಒಂದು ಫೋಟೋದಲ್ಲಷ್ಟೇ ನಾನು ಅವನ್ನು ಕಂಡಿದ್ದೆ.

ಬೆಳಕಿಗೆ ಮಾತ್ರ ಅವು ಚೆನ್ನಾಗಿ ಗೊತ್ತಾಗುತ್ತಿದ್ದವು. ಆ ಹಾಳೆಯನ್ನು ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡು, ಕೆಂಪು ಗಾಜಿನ ಮೂಲಕ ದೀಪ ಹಾಯಿಸಿದರೆ, ಮರಳಿ ಬರುವ ಬೆಳಕು ಇಷ್ಟು ಎಂದು ಮೀಟರಿನ ಮುಳ್ಳು ತೋರಿಸುತ್ತದೆ. ತೂತುಗಳ ಗೋಡೆಗೆ ಬೇರೆ ಏನಾದರೂ ಅಂಟಿಕೊಂಡರೆ ಮುಳ್ಳು ಇಳಿಯುತ್ತದೆ. ಗಟ್ಟಿ ಚಿನ್ನಕ್ಕೆ ಮೇಲ್ಭಾಗ ಒಂದೇ. ನಮ್ಮ ಚಿನ್ನಕ್ಕೆ ಒಳಗೂ ಹೊರಗೂ ಎಲ್ಲ ಮೇಲ್ಭಾಗವೇ. ಹಾಗಾಗಿ ಮೂಗಿಗೂ ಕಣ್ಣಿಗೂ ತಿಳಿಯದಷ್ಟು ಪಾದರಸದ ಆವಿ ಗಾಳಿಯಲ್ಲಿದ್ದರೂ ಅದು ಹೀರಿಕೊಂಡು ಮಂಕಾಗುತ್ತಿತ್ತು. ಪಾದರಸ ಚಿನ್ನವನ್ನು ಕಂಡರೆ ಬಿಡುವುದಿಲ್ಲ.

ತೊಂದರೆಯೆಂದರೆ ತೇವಕ್ಕೂ ಅದು ಮಂಕಾಗುತ್ತಿತ್ತು. ಮುಂಬಯಿಯ ಜುಲೈ ತಿಂಗಳಲ್ಲಿ ಮಂಕಾಗದ ವಸ್ತು ಯಾವುದಿದೆ? ಅದಕ್ಕೆ ನಾವು ಒಂದೇ ಹಾಳೆಯನ್ನು ಎರಡು ತುಂಡು ಮಾಡುತ್ತಿದ್ದೆವು. ಒಂದನ್ನು ಪರೀಕ್ಷೆ ಮಾಡುವ ಜಾಗದಲ್ಲಿ ಇಡುವುದು. ಇನ್ನೊಂದನ್ನು ಪಾದರಸವಿಲ್ಲದ ಕಡೆ, ಅಷ್ಟೇ ದಿನ, ತೆರೆದ ಗಾಳಿಯಲ್ಲಿ ಇಡುವುದು. ಈ ಎರಡನೆಯದಕ್ಕೆ ಬ್ಲ್ಯಾಂಕ್ ಎನ್ನುತ್ತಿದ್ದೆವು. ಕೊನೆಗೆ ಎರಡನ್ನೂ ಅಳೆದು ಒಂದರಿಂದ ಒಂದನ್ನು ಕಳೆದರೆ ತೇವದ ಪಾಲು ಹೋಗಿ ಪಾದರಸದ ಪಾಲು ಉಳಿಯುತ್ತದೆ. ಬ್ಲ್ಯಾಂಕ್ ಕೆಟ್ಟರೆ ಎಲ್ಲ ಕೆಟ್ಟಂತೆ. ನಮ್ಮ ಮೇಲಧಿಕಾರಿ, ಮಾತು ಕಡಿಮೆಯ ಒಬ್ಬ ಮರಾಠಿ ಹೆಂಗಸು, ಸೇರಿದ ದಿನವೇ ಇದನ್ನು ನನಗೆ ಮೂರು ಸಲ ಹೇಳಿದ್ದರು.

ನಾನಿದ್ದದ್ದು ಮಲಾಡಿನಲ್ಲಿ, ಅಕ್ಕ ಭಾವನ ಜೊತೆ. ಎರಡು ಕೋಣೆಯ ಮನೆ. ಅಡಿಗೆಯ ಕೋಣೆಯಲ್ಲಿ ನನ್ನ ಹಾಸಿಗೆ. ಭಾವ ಮೈಸೂರಿನ ಕಡೆಯವರು, ಕುರ್ಲಾದಲ್ಲಿ ಥರ್ಮಾಮೀಟರ್ ಮಾಡುವ ಒಂದು ಕಾರ್ಖಾನೆಯಲ್ಲಿ ಗಾಜಿನ ನಳಿಗೆಗೆ ಪಾದರಸ ತುಂಬುವ ಕೆಲಸದಲ್ಲಿದ್ದರು. ಕಾರ್ಖಾನೆ ಅಂದರೆ ದೊಡ್ಡ ಮಾತಾಯಿತು. ಚಾಳಿನ ಹಿಂದುಗಡೆ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ, ಹತ್ತು ಹನ್ನೆರಡು ಜನ. ಬೆಳಿಗ್ಗೆ ನಾವಿಬ್ಬರೂ ಒಂದೇ ಲೋಕಲ್ಲಿನಲ್ಲಿ ನೇತಾಡಿಕೊಂಡು ಸಾಂತಾಕ್ರೂಜಿನವರೆಗೆ ಬರುತ್ತಿದ್ದೆವು. ಅಲ್ಲಿಂದ ಅವರು ಕುರ್ಲಾದ ಬಸ್ಸು ಹತ್ತುತ್ತಿದ್ದರು.

ಭಾವನಷ್ಟು ಸಮಾಧಾನದ ಮನುಷ್ಯನನ್ನು ನಾನು ನೋಡಿರಲಿಲ್ಲ. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಗಾಡಿಯಲ್ಲಿ ಯಾರಾದರೂ ಕಾಲು ತುಳಿದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಭಾವ ತುಳಿದವನಿಗೇ ಜಾಗ ಬಿಡುತ್ತಿದ್ದರು. "ಬಿಡಯ್ಯ, ಅವನೂ ಎಲ್ಲೋ ಇಳೀಬೇಕಲ್ಲ" ಅನ್ನುತ್ತಿದ್ದರು. ಅವರ ಕೈಬರಹ ಅಚ್ಚು ಹಾಕಿದಂತಿತ್ತು. ಬಿಲ್ಡಿಂಗಿನ ನಾಲ್ಕಾರು ಕನ್ನಡದ ಮನೆಯವರು ಊರಿಗೆ ಕಾಗದ ಬರೆಸಿಕೊಳ್ಳಲು ಅವರ ಹತ್ತಿರ ಬರುತ್ತಿದ್ದರು.

ಆ ಕಾರ್ಖಾನೆಯಲ್ಲಿ ದಸರೆಗೆ ಆಯುಧಪೂಜೆ ಜೋರು. ಊದುವ ಕೊಳವೆ, ಬರ್ನರ್, ಗಾಜು ಕತ್ತರಿಸುವ ಕತ್ತಿ, ಎಲ್ಲಕ್ಕೂ ಹೂವು. ನಡುವೆ ಒಂದು ಬೋಗುಣಿಯ ತುಂಬ ಪಾದರಸ, ಅದಕ್ಕೆ ಮೊದಲ ಆರತಿ. ಪೂಜೆಯಾದ ಮೇಲೆ ಮಾಲೀಕ ಸೇಠ್ ಪ್ರತಿಯೊಬ್ಬ ಕೆಲಸಗಾರನಿಗೂ ಪೇಡೆಯ ಜೊತೆ ಒಂದು ಸಣ್ಣ ಬಾಟಲಿಯಲ್ಲಿ ಅದೇ ಪಾದರಸ ಕೊಡುತ್ತಿದ್ದ. "ಪ್ರಸಾದ್ ಹೈ, ಘರ್ ಮೇ ರಖೋ" ಅನ್ನುತ್ತಿದ್ದನಂತೆ, ಪ್ರಸಾದ, ಮನೆಯಲ್ಲಿಟ್ಟುಕೋ ಎಂದು. ಒಂದು ವರ್ಷ ಭಾವ ಆ ಪ್ರಸಾದವನ್ನು ತಂದು ಅಕ್ಕನ ಕೈಗೆ ಕೊಟ್ಟರು. ಪಾದರಸವೆಂದರೆ ಶಿವನ ಅಂಶ, ಅದನ್ನು ಪೂಜಿಸಿದರೆ ಮಡಿಲು ತುಂಬುತ್ತದೆ ಎಂದು ಅಕ್ಕ ಊರಿನಲ್ಲಿ ಯಾರದೋ ಬಾಯಲ್ಲಿ ಕೇಳಿದ್ದಳು. ಅವಳಿಗೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಬಾಟಲಿಯಲ್ಲಿದ್ದದ್ದನ್ನು ಗಾಜಿನ ಬಟ್ಟಲಿಗೆ ಸುರಿದು, ಅಡಿಗೆಯ ಕೋಣೆಯ ಗೋಡೆಯಲ್ಲಿದ್ದ ದೇವರ ಗೂಡಿನೊಳಗೆ, ನಂದಾದೀಪದ ಪಕ್ಕದಲ್ಲೇ ಇಟ್ಟಳು. ದಿನಾ ಸ್ನಾನ ಮಾಡಿ ಬಂದು ಅದರ ಮೇಲೆ ಒಂದು ಹೂವಿನ ಎಸಳು ಇಡುತ್ತಿದ್ದಳು. ಎಸಳು ಮುಳುಗದೆ ಹೊಳೆಯುವುದನ್ನು ನೋಡಿ ಸಂತೋಷಪಡುತ್ತಿದ್ದಳು.

ನಾನೂ ದಿನಾ ಅದರ ಮುಂದೆ ನಿಂತು ಕುಂಕುಮ ಇಟ್ಟುಕೊಂಡು ಹೋಗುತ್ತಿದ್ದೆ. ಇದನ್ನು ಒತ್ತಿ ಹೇಳಬೇಕು. ಪ್ರಯೋಗಾಲಯದಲ್ಲಿ ಒತ್ತಡ ಅಳೆಯುವ ಮಾನೋಮೀಟರಿನಿಂದ ಒಂದು ಹನಿ ಪಾದರಸ ಚೆಲ್ಲಿದರೆ ಕಿಟಕಿ ತೆರೆಸಿ, ಗಂಧಕದ ಪುಡಿ ಉದುರಿಸಿ, ಎಲ್ಲರನ್ನೂ ಹೊರಗೆ ಅಟ್ಟುತ್ತಿದ್ದವನು ನಾನೇ. ಮನೆಯಲ್ಲಿ ಅದೇ ವಸ್ತು ಬಟ್ಟಲಿನಲ್ಲಿ, ದೀಪದ ಬಿಸಿಗೆ, ನಾನು ಮಲಗುವ ಕೋಣೆಯಲ್ಲೇ ತೆರೆದುಕೊಂಡು ಕೂತಿತ್ತು. ನನಗೆ ಅದು ಪಾದರಸ ಅನ್ನಿಸಲೇ ಇಲ್ಲ. ಅದು ದೇವರು.

ಮಾರನೆಯ ವರ್ಷದ ಬೇಸಿಗೆಯ ಹೊತ್ತಿಗೆ ಭಾವ ಬದಲಾದರು. ಮೊದಲು ಅಕ್ಷರ ಹೋಯಿತು. ಇನ್‌ಲ್ಯಾಂಡ್ ಪತ್ರದ ಮೇಲಿನ ವಿಳಾಸ ಹುಳ ಹರಿದ ಹಾಗೆ ಕಾಣತೊಡಗಿತು. ಕಾಫಿ ಲೋಟ ಎತ್ತಿದರೆ ತಟ್ಟೆಯ ತುಂಬ ಕಾಫಿ. ಒಸಡು ಊದಿಕೊಂಡು ಬಾಯಲ್ಲಿ ನೀರು ಸುರಿಯುತ್ತಿತ್ತು. ಒಂದು ದಿನ ಹುಳಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆಯನ್ನು ಗೋಡೆಗೆ ಎಸೆದರು, ಆಮೇಲೆ ಮಂಚದ ಮೇಲೆ ಕೂತು ಮಗುವಿನಂತೆ ಅತ್ತರು. ಅದಕ್ಕಿಂತ ನನಗೆ ಹೆದರಿಕೆಯಾದದ್ದು ಅವರ ನಾಚಿಕೆ. ಹಾಲಿನವನು ಬಾಗಿಲು ತಟ್ಟಿದರೂ ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದರು. ಕಾಗದ ಬರೆಸಲು ಬಂದವರಿಗೆ ನಾನು ಬಾಗಿಲಲ್ಲೇ ನಿಂತು ಸುಳ್ಳು ಹೇಳಿ ಕಳಿಸಬೇಕಿತ್ತು. ಡಾಕ್ಟರರು ನರಗಳ ವೀಕ್ನೆಸ್ ಎಂದು ಟಾನಿಕ್ ಬರೆದುಕೊಟ್ಟರು.

ಜುಲೈ ಮೊದಲಲ್ಲಿ ಮೈಸೂರಿನಿಂದ ಭಾವನ ಅಣ್ಣ ಬರೆದರು. ಅಲ್ಲಿ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆಯ ಜಾಗ ಖಾಲಿಯಿದೆ, ಆಗಸ್ಟ್ ಮೊದಲ ವಾರದೊಳಗೆ ಬಂದು ಸೇರುವುದಾದರೆ ಹೇಳಿ ಇಡಿಸುತ್ತೇನೆ ಎಂದಿದ್ದರು. ಅಕ್ಕನಿಗೆ ಆಗ ಮೂರು ತಿಂಗಳು. ಭಾವ ಸ್ನಾನಕ್ಕೆ ಹೋದ ಹೊತ್ತು ನೋಡಿ ಅವಳು ನನ್ನನ್ನು ಒಲೆಯ ಹತ್ತಿರ ಕರೆದಳು.

"ನೋಡೋ, ನೀನು ಅದೇನೋ ಚಿನ್ನದ್ದು ಮಾಡ್ತೀಯಲ್ಲ, ಗಾಳೀಲಿ ಪಾದರಸ ಇದ್ರೆ ಹೇಳತ್ತೆ ಅಂತೀಯಲ್ಲ. ಇವರ ಕೈ ನಡುಗೋದು ಅಲ್ಲಿಯ ಗಾಳಿಯಿಂದಲೇ ಅಂತ ನನಗೆ ಅನುಮಾನ. ಅದನ್ನ ಇವರ ಫ್ಯಾಕ್ಟರೀಲಿ ಇಟ್ಟು ನೋಡು. ಇದೆ ಅಂದ್ರೆ ಇದೆ ಅಂತ ಹೇಳ್ಬಿಡು. ಇವರು ಬೇಡ ಅಂದ್ರೂ ಕೈ ಹಿಡ್ಕೊಂಡು ಮೈಸೂರಿಗೆ ಎಳ್ಕೊಂಡು ಹೋಗ್ತೀನಿ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲೇ ಇರೋಣ. ಹೊಟ್ಟೇಲಿ ಇಟ್ಕೊಂಡು ಎರಡು ದಿನ ರೈಲಲ್ಲಿ ಕುಲುಕಾಡೋಕೆ ನನಗೂ ಭಯ. ಹೋದ್ಸಲದ್ದು ನೆನಪಿದ್ಯಲ್ಲ."

ಅಕ್ಕ ಏಳನೆಯ ಕ್ಲಾಸು ಓದಿದವಳು. ನಾನು ಎಂ.ಎಸ್ಸಿ. ಊರು ಬಿಡುವುದೋ ಉಳಿಯುವುದೋ ಎಂಬುದನ್ನು ಅವಳು ನನ್ನ ಒಂದು ಮಾತಿನ ಮೇಲೆ ಇಟ್ಟಿದ್ದಳು. ನನಗೆ ಆಗ ಆದದ್ದು ಹೆಮ್ಮೆ.

ಶನಿವಾರ ಅರ್ಧ ದಿನ ರಜೆ. ಭಾವ ಮರೆತುಹೋದ ಡಬ್ಬಿ ಕೊಡುವ ನೆಪದಲ್ಲಿ ಕುರ್ಲಾಕ್ಕೆ ಹೋದೆ. ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಎರಡು ಫ್ಯಾನು ತಿರುಗುತ್ತಿದ್ದವು. ಕಡಪಾ ಕಲ್ಲಿನ ನೆಲ, ಅದರ ಸಂದಿಗಳಲ್ಲಿ ಸಾಸಿವೆಯಷ್ಟು ಸಣ್ಣ ಸಣ್ಣ ಬೆಳ್ಳಿಯ ಗುಂಡುಗಳು ಹೊಳೆಯುತ್ತಿದ್ದವು. ಒಬ್ಬ ಹೆಂಗಸು ಪೊರಕೆಯಿಂದ ಅವನ್ನು ಗುಡಿಸಿ ಮೊರಕ್ಕೆ ತುಂಬುತ್ತಿದ್ದಳು. ಕೆಲಸ ಮಾಡುವ ಮೇಜಿನ ಮೇಲೆಯೇ ಎಲ್ಲರೂ ಡಬ್ಬಿ ಬಿಚ್ಚಿ ತಿನ್ನುತ್ತಿದ್ದರು. ಇದು ಒಳ್ಳೆಯದಲ್ಲ ಎಂದು ನಾನು ಬಾಯಿ ತೆರೆದೆ. ಸೇಠ್ ನಕ್ಕುಬಿಟ್ಟ.

"ಬೀಸ್ ಸಾಲ್ ಸೇ ಮೈ ಖುದ್ ಯಹೀ ಬೈಠತಾ ಹೂಂ. ಮುಝೆ ಕ್ಯಾ ಹುವಾ?"

ಇಪ್ಪತ್ತು ವರ್ಷದಿಂದ ನಾನೇ ಇಲ್ಲಿ ಕೂರುತ್ತಿದ್ದೇನೆ, ನನಗೇನಾಗಿದೆ ಎಂದವನು ಕೂತದ್ದು ಬಾಗಿಲ ಹೊರಗಿನ ಜಗಲಿಯಲ್ಲಿ. ನಾನು ಜಗಳಕ್ಕೆ ಇಳಿಯಬೇಕಿತ್ತು. ಭಾವ ದೂರದಲ್ಲಿ ತಲೆ ತಗ್ಗಿಸಿ ನಿಂತು, ಬೇಡ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಸುಮ್ಮನಾದೆ. ಅವರ ಮೇಜಿನ ಹತ್ತಿರ ಗೋಡೆಯ ಕ್ಯಾಲೆಂಡರಿನ ಹಿಂದೆ ಹಾಳೆಯ ಒಂದು ತುಂಡನ್ನು ಗಾಜಿನ ಪಟ್ಟಿಯ ಸಮೇತ ಸಿಕ್ಕಿಸಿ ಬಂದೆ.

ಈಗ ಬ್ಲ್ಯಾಂಕ್ ಎಲ್ಲಿಡುವುದು? ಇದನ್ನು ನಾನು ಬಹಳ ಯೋಚನೆ ಮಾಡಿಯೇ ನಿರ್ಧರಿಸಿದೆ. ಪ್ರಯೋಗಾಲಯದಲ್ಲಿ ಇಡುವಂತಿಲ್ಲ, ಅಲ್ಲಿ ಪಾದರಸದ ಮಾನೋಮೀಟರ್ ಇದೆ, ಆಸಿಡ್ಡಿನ ಹೊಗೆ ಇದೆ. ಹೊರಗೆ ಇಟ್ಟರೆ ಫ್ಯಾಕ್ಟರಿಗಳ ಧೂಳು. ಮನೆಯಲ್ಲಿ ಇಡೋಣವೆಂದರೆ ಎರಡು ಕೋಣೆಯಲ್ಲಿ ಎಲ್ಲಿ ಇಟ್ಟರೂ ಯಾರದಾದರೂ ಕೈ ತಾಗುತ್ತದೆ, ಒಗ್ಗರಣೆಯ ಜಿಡ್ಡು ಕೂರುತ್ತದೆ. ಸ್ನಾನ ಮಾಡದೆ ಯಾರೂ ಮುಟ್ಟದ, ದಿನಾ ಒರೆಸುವ, ಎಂಜಲು ಮುಸುರೆ ಸೋಕದ ಜಾಗ ಆ ಮನೆಯಲ್ಲಿ ಒಂದೇ ಇತ್ತು. ಹುಟ್ಟಿದಾಗಿನಿಂದ ಮಡಿ ಮೈಲಿಗೆ ನೋಡಿ ಬೆಳೆದವನಿಗೆ ಶುದ್ಧ ಅಂದರೆ ದೇವರ ಗೂಡು. ನಾನು ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ, ಗಾಜಿನ ಪಟ್ಟಿಯನ್ನು ಗೂಡಿನ ಮೇಲಿನ ಹಲಗೆಯ ಮೇಲೆ ಇಟ್ಟೆ. ಒಂದು ಗೇಣು ಕೆಳಗೆ ದೀಪ. ದೀಪದ ಪಕ್ಕ ಬಟ್ಟಲು.

"ಅದೇನೋ ಅದು, ದೇವರಿಗೆ ಬಿಸ್ಕತ್ತಾ?" ಅಂದಳು ಅಕ್ಕ.

"ಚಿನ್ನ ಕಣೇ."

"ಇಂಥ ಚಿನ್ನ ನಿನ್ನ ಹೆಂಡತಿಗೆ ಹಾಕು" ಎಂದು ನಕ್ಕಳು. ಅವಳು ನಗುವುದೇ ಅಪರೂಪವಾಗಿದ್ದ ತಿಂಗಳುಗಳವು, ನನಗೂ ನಗು ಬಂತು.

ಹದಿನೈದು ದಿನ ಕಳೆಯಿತು. ಎರಡೂ ತುಂಡುಗಳನ್ನು ಪ್ರಯೋಗಾಲಯಕ್ಕೆ ಒಯ್ದು ಅಲ್ಲಿಯ ದೀಪದ ಕೆಳಗೆ ಇಟ್ಟೆ. ಕುರ್ಲಾದ್ದು ಮಂಕಾಗಿತ್ತು, ಮುಳ್ಳು ಚೆನ್ನಾಗಿ ಇಳಿಯಿತು. ಮನೆಯದ್ದನ್ನು ಇಟ್ಟೆ. ಮುಳ್ಳು ಅಷ್ಟೇ ಇಳಿಯಿತು. ಮತ್ತೆ ಇಟ್ಟು ನೋಡಿದೆ, ಪಟ್ಟಿ ತಿರುಗಿಸಿ ನೋಡಿದೆ, ದೀಪ ಆರಿಸಿ ಹೊತ್ತಿಸಿ ನೋಡಿದೆ. ಕಳೆದರೆ ಏನೂ ಉಳಿಯಲಿಲ್ಲ. ಹಾಗಾದರೆ ಎಲ್ಲ ಮಳೆಗಾಲದ ತೇವ. ಈ ಮಳೆಗಾಲದಲ್ಲಿ ತೇವ ಇಷ್ಟೊಂದು ಇರುತ್ತದೆಯೇ ಎಂದು ಒಂದು ಗಳಿಗೆ ಅನ್ನಿಸಿತು. ಆ ವಾರ ಹಳಿಗಳ ಮೇಲೆ ನೀರು ನಿಂತು ಗಾಡಿಗಳೇ ನಿಂತಿದ್ದವು, ಇರುತ್ತದೆ ಎಂದುಕೊಂಡೆ.

ನೆಲದ ಸಂದಿಯಲ್ಲಿ ಪಾದರಸದ ಗುಂಡುಗಳನ್ನು ಕಣ್ಣಾರೆ ಕಂಡಿದ್ದೆ. ಕಣ್ಣು ಕಂಡದ್ದನ್ನು ಬಿಟ್ಟು ಮುಳ್ಳನ್ನು ಏಕೆ ನಂಬಿದೆ? ವಿಜ್ಞಾನ ಓದಿದವನ ಅಹಂಕಾರ ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಅವರು ಮೈಸೂರಿಗೆ ಹೋದರೆ ಮಲಾಡಿನ ಮನೆ ಖಾಲಿ ಮಾಡಬೇಕು. ನಾನು ಯಾವುದಾದರೂ ಲಾಡ್ಜಿನಲ್ಲಿ ಆರು ಜನರ ಜೊತೆ ಮಲಗಿ, ಹೋಟೆಲಿನ ಅನ್ನ ತಿನ್ನಬೇಕು. ಮುಳ್ಳು ಏನೂ ಇಲ್ಲವೆಂದಾಗ ನನಗೆ ನಿರಾಳವಾಯಿತು. ಆ ನಿರಾಳ ಪೂರ್ತಿ ಭಾವನಿಗಾಗಿ ಆದದ್ದಲ್ಲ.

ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದೆ. "ಏನೂ ಇಲ್ಲ. ಫ್ಯಾಕ್ಟರಿ ಗಾಳಿಗೂ ನಮ್ಮನೆ ಗಾಳಿಗೂ ವ್ಯತ್ಯಾಸಾನೇ ಇಲ್ಲ."

ಇದೇ ಮಾತು, ಇದೇ ಶಬ್ದಗಳಲ್ಲಿ ಹೇಳಿದೆ. ಅದು ಅಕ್ಷರಶಃ ನಿಜವಾಗಿತ್ತು.

ಭಾವ ನನ್ನ ಕೈ ಹಿಡಿದುಕೊಂಡರು. ಅವರ ಕೈ ನಡುಗುತ್ತಿತ್ತು, ನನ್ನದೂ ಅದರ ಜೊತೆ ನಡುಗಿತು. "ನಾನು ಹೇಳ್ಲಿಲ್ವಾ, ನನ್ನದೇ ಏನೋ ವೀಕ್ನೆಸ್ಸು" ಎಂದರು. ಅಕ್ಕ ಮಾರನೆಯ ದಿನ ಭಾವನ ಅಣ್ಣನಿಗೆ ತಾನೇ ಕಾಗದ ಬರೆದಳು, ಈಗ ಬರುವುದಕ್ಕಾಗುವುದಿಲ್ಲ, ಬಾಣಂತನ ಮುಗಿದ ಮೇಲೆ ನೋಡೋಣ ಎಂದು. ನಾನೇ ಅದನ್ನು ಸ್ಟೇಷನ್ನಿನ ಹತ್ತಿರದ ಪೋಸ್ಟ್ ಡಬ್ಬಿಗೆ ಹಾಕಿದೆ.

ದೀಪಾವಳಿ ಕಳೆದ ವಾರ, ಏಳನೆಯ ತಿಂಗಳಲ್ಲಿ, ಮಗು ಹೋಯಿತು. ಹೆಣ್ಣು ಮಗು. ಎರಡು ದಿನದಿಂದ ಅಲುಗಾಡುತ್ತಿಲ್ಲ ಎಂದು ಅಕ್ಕ ಹೇಳುತ್ತಲೇ ಇದ್ದಳು. ಆಸ್ಪತ್ರೆಯಿಂದ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಭಾವನ ಕೈಗೆ ಕೊಡಲು ನರ್ಸ್ ಹೆದರಿದಳು, ಅಷ್ಟು ನಡುಗುತ್ತಿತ್ತು ಆ ಕೈ. ನಾನು ತೆಗೆದುಕೊಂಡೆ. ಹೆಸರುಕಾಳು ಕಟ್ಟಿದ ಪೊಟ್ಟಣದಷ್ಟೂ ಭಾರವಿರಲಿಲ್ಲ. ಮುಂದಿನದನ್ನು ಬರೆಯಲಾರೆ.

ಮನೆಗೆ ಬಂದ ಮೂರನೆಯ ವಾರಕ್ಕೇ ಅಕ್ಕ ಮತ್ತೆ ಗೂಡಿನ ದೀಪ ಹಚ್ಚಿದಳು. ಬಟ್ಟಲಿನ ಮೇಲೆ ಎಸಳು ಇಡುವುದನ್ನೂ ಬಿಡಲಿಲ್ಲ. ಭಾವ ಕೆಲಸಕ್ಕೆ ಹೋಗುತ್ತಿದ್ದರು, ಆದರೆ ನಳಿಗೆ ತುಂಬಲು ಆಗುತ್ತಿರಲಿಲ್ಲ. ಸೇಠ್ ಅವರನ್ನು ಪೆಟ್ಟಿಗೆ ಕಟ್ಟುವ ಕಡೆ ಕೂರಿಸಿದ.

ಫೆಬ್ರವರಿಯಲ್ಲಿ ಪ್ರಯೋಗಾಲಯದಲ್ಲಿ ಚಿನ್ನ ಕಡಿಮೆ ಬಿತ್ತು. ಹಳೆಯ ಹಾಳೆಗಳನ್ನೇ ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದೇ ನೋಡು ಎಂದರು ಮೇಲಧಿಕಾರಿ ಮ್ಯಾಡಮ್. ಪಾದರಸ ಹೀರಿಕೊಂಡ ಹಾಳೆಯನ್ನು ಬಿಸಿಮಾಡಿದರೆ ಅದು ಪಾದರಸವನ್ನು ಬಿಟ್ಟುಕೊಟ್ಟು ತಿಳಿಯಾಗುತ್ತದೆ, ಮುಳ್ಳು ಮೇಲೇರುತ್ತದೆ. ಡ್ರಾಯರಿನಲ್ಲಿದ್ದ ಹಾಳೆಗಳನ್ನೆಲ್ಲ ಮೊದಲು ಎರಡು ವಾರ ಸಿಲಿಕಾ ಜೆಲ್ಲಿನ ಜಾಡಿಯಲ್ಲಿಟ್ಟು ತೇವ ತೆಗೆದೆ. ಆಮೇಲೆ ಒಂದೊಂದಾಗಿ, ಹೊಗೆ ಎಳೆಯುವ ಗೂಡಿನೊಳಗೆ, ಬಿಸಿ ತಟ್ಟೆಯ ಮೇಲಿಟ್ಟೆ. ಕುರ್ಲಾದ ತುಂಡು ತಿಳಿಯಾಯಿತು. ಇದು ಪಾದರಸ ಬಿಟ್ಟಿತಲ್ಲ, ಹಾಗಾದರೆ ಅಲ್ಲಿ ಪಾದರಸ ಇತ್ತಲ್ಲ ಎಂದು ನಾನು ಪೆದ್ದನಂತೆ ನೋಡುತ್ತ ನಿಂತೆ. ಕೈ ತಾನಾಗಿಯೇ ಮನೆಯ ತುಂಡನ್ನು ತೆಗೆದು ತಟ್ಟೆಯ ಮೇಲೆ ಇಟ್ಟಿತು. ಅದೂ ತಿಳಿಯಾಯಿತು. ಮುಳ್ಳು ಅಷ್ಟೇ ಮೇಲೇರಿತು.

ಏನೂ ತಿನ್ನದ ತುಂಡು ಏನನ್ನೂ ಕಕ್ಕಬಾರದು.

ಮ್ಯಾಡಮ್ ನನ್ನ ಹಿಂದೆ ಬಂದು ನಿಂತಿದ್ದರು. ಬ್ಲ್ಯಾಂಕ್ ಎಲ್ಲಿಟ್ಟಿದ್ದೆ ಎಂದು ಕೇಳಿದರು. "ಬ್ಲ್ಯಾಂಕ್ ಕಹಾಂ ರಖಾ ಥಾ?"

"ಘರ್ ಮೇ."

"ಘರ್ ಮೇ ಪಾರಾ ಹೈ ಕ್ಯಾ?"

ಮನೆಯಲ್ಲಿ ಪಾದರಸ ಇದೆಯೇ? "ನಹೀ ಮ್ಯಾಡಮ್" ಎಂದು ಥಟ್ಟನೆ ಹೇಳಿದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಗಳಿಗೆಯಲ್ಲೂ ನನಗೆ ಬಟ್ಟಲು ನೆನಪಾಗಲಿಲ್ಲ. ತುಂಡನ್ನು ಎಲ್ಲಿ ಇಟ್ಟಿದ್ದೆ ಎಂದು ವಿವರಿಸಲು ಬಾಯಿ ತೆರೆದೆ, ದೇವರ ಗೂಡು ಎನ್ನುವುದಕ್ಕೆ ಹಿಂದಿಯಲ್ಲಿ ಮಾತು ಹುಡುಕುತ್ತ ಅದರ ಒಳಗೆ ಏನೇನಿದೆ ಎಂದು ಮನಸ್ಸಿನಲ್ಲೇ ಎಣಿಸಿದೆ. ಆಗ ಕಂಡಿತು. ಎರಡು ಹಾಳೆಗಳೂ ಹೊಟ್ಟೆ ತುಂಬ ಪಾದರಸ ಕುಡಿದಿದ್ದವು. ತುಂಬಿದ ಮೇಲೆ ಕುರ್ಲಾ ಒಂದೇ, ಮಲಾಡ್ ಒಂದೇ. ತೇವ ಎಂದು ನಾನು ಕಳೆದು ಎಸೆದದ್ದೆಲ್ಲ ನಮ್ಮ ಮನೆಯ ಗಾಳಿ.

ಮ್ಯಾಡಮ್ ಎಲ್ಲ ಕೇಳಿ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಪೊಟ್ಟಣ ಗಂಧಕದ ಪುಡಿ, ಬಿರಡೆಯಿರುವ ಒಂದು ದಪ್ಪ ಬಾಟಲಿ ನನ್ನ ಕೈಯಲ್ಲಿಟ್ಟು, ಈಗಲೇ ಹೊರಡು ಎಂದು ಮಧ್ಯಾಹ್ನವೇ ಕಳಿಸಿದರು.

ಅಕ್ಕ ನೆಲದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಹೊತ್ತಲ್ಲದ ಹೊತ್ತಿಗೆ ಬಂದ ನನ್ನನ್ನು ನೋಡಿ ಎದ್ದು ನಿಂತಳು. ಭಾವನಿ‌ಗೆ ಆ ದಿನ ಮೈ ಸರಿಯಿರಲಿಲ್ಲ, ಮನೆಯಲ್ಲೇ ಇದ್ದವರು ಒಳಕೋಣೆಯ ಬಾಗಿಲಿಗೆ ಬಂದರು. ನಾನು ಮೊದಲು ದೀಪ ಆರಿಸಿದೆ. ನಂದಾದೀಪವನ್ನೇ ಆರಿಸಿದನಲ್ಲ ಎಂದು ಅಕ್ಕ "ಅಯ್ಯೋ" ಎಂದಳು. ಕಿಟಕಿ, ಬಾಗಿಲು ತೆರೆದೆ. ಬಟ್ಟಲನ್ನು ಎತ್ತಿ, ಎಸಳಿನ ಸಮೇತ ಬಾಟಲಿಗೆ ಸುರಿದು, ಬಿರಡೆ ಒತ್ತಿದೆ. ಗೂಡಿನ ತುಂಬ ಹಳದಿ ಗಂಧಕ ಉದುರಿಸಿದೆ. ಆಮೇಲೆ ಹೇಳಿದೆ. ಕುರ್ಲಾದಲ್ಲೂ ಇತ್ತು, ಇಲ್ಲೂ ಇತ್ತು, ಎರಡೂ ಒಂದೇ ಆದದ್ದಕ್ಕೆ ನನಗೆ ಇಲ್ಲವೆಂದು ಕಂಡಿತು ಎಂದು. ನನ್ನ ಬಾಯಿಂದ ಅದು ಅಷ್ಟು ಸಣ್ಣ ಮಾತಾಗಿ ಹೊರಬಂತು.

ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. "ಅದನ್ನ ಮನೆಗೆ ತಂದೋನು ನಾನು ಕಣೇ" ಎಂದರು ಅಕ್ಕನಿಗೆ. ನನ್ನನ್ನು ಅವರು ಏನೂ ಅನ್ನಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ.

ಮಾರನೆಯ ವಾರ ಹೊಸ ಹಾಳೆ ಮಾಡಿ, ಬ್ಲ್ಯಾಂಕನ್ನು ಮ್ಯಾಡಮ್ ಮನೆಯಲ್ಲಿ ಇರಿಸಿ, ಕುರ್ಲಾದಲ್ಲಿ ಮತ್ತೆ ಅಳೆದೆ. ಬ್ಲ್ಯಾಂಕಿಗೆ ಮುಳ್ಳು ಅಷ್ಟೇನೂ ಇಳಿಯಲಿಲ್ಲ, ಕುರ್ಲಾದ್ದಕ್ಕೆ ತಳಕ್ಕೆ ಬಿತ್ತು. ಆ ಲೆಕ್ಕವನ್ನು ಒಯ್ದು ಸೇಠ್ ಮುಂದೆ ಹಿಡಿದು ಕೂಗಾಡಿದೆ. ಅವನು ಎರಡು ಕಿಟಕಿ ತೆರೆಸಿದ, ಊಟಕ್ಕೆ ಹೊರಗೆ ಒಂದು ಬೆಂಚು ಹಾಕಿಸಿದ. ಅಷ್ಟೇ ಆದದ್ದು. ಅಕ್ಕ ಭಾವ ಏಪ್ರಿಲಿನಲ್ಲಿ ಮೈಸೂರಿಗೆ ಹೋದರು. ಗುಮಾಸ್ತೆಯ ಜಾಗದಲ್ಲಿ ಬೇರೆಯವರು ಕೂತಿದ್ದರು. ಭಾವನ ನಡುಕ ಎರಡು ಮೂರು ವರ್ಷದಲ್ಲಿ ಅರ್ಧಕ್ಕೆ ಇಳಿಯಿತು, ಅಪರಿಚಿತರನ್ನು ಕಂಡರೆ ಹೆದರುವುದು ಹೋಗಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ನಾನು ಲಾಡ್ಜಿನಲ್ಲಿ ಮಲಗಿದೆ, ಹೋಟೆಲಿನ ಅನ್ನ ತಿಂದೆ. ಅದರಿಂದ ನನಗೇನೂ ಆಗಲಿಲ್ಲ.

ಆ ಸಂಜೆಯ ಒಂದು ಮಾತನ್ನು ಬಿಟ್ಟಿದ್ದೇನೆ. ಭಾವ ಒಳಗೆ ಹೋಗಿ ಮಲಗಿದ ಮೇಲೆ ಅಕ್ಕ ನನ್ನ ಎದುರಿಗೆ ಬಂದು ಕೂತಳು. ಅಳುತ್ತಿರಲಿಲ್ಲ. ಲೆಕ್ಕ ಕೇಳುವ ಮೇಷ್ಟ್ರ ಹಾಗೆ ಮೆಲ್ಲಗೆ ಕೇಳಿದಳು.

"ನಿಜ ಹೇಳು. ಜುಲೈನಲ್ಲೇ ನಾವು ಹೊರಟುಹೋಗಿದ್ರೆ ಮಗು ಉಳೀತಿತ್ತಾ?"

ನಾನು ಓದಿದ್ದೆಲ್ಲವನ್ನೂ ಹುಡುಕಿದೆ. ಉಳಿಯುತ್ತಿತ್ತು ಎಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ಇಲ್ಲ ಎಂದು ಹೇಳಲೂ ಇರಲಿಲ್ಲ. ಆ ಮನೆಯಲ್ಲಿ ಮೊದಲ ಸಲ ಸರಿಯಾದ ಉತ್ತರ ಕೊಟ್ಟೆ.

"ಗೊತ್ತಿಲ್ಲ ಅಕ್ಕ."

ಅಕ್ಕ ಹೊಸೆದಿಟ್ಟ ಬತ್ತಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದಳು.

"ಅವತ್ತೂ ಹಾಗೇ ಹೇಳಬಹುದಿತ್ತಲ್ಲೋ" ಎಂದಳು.